ವರ್ಸ್ ಅಂದ್ರೆ ವರ್ಸ್ಟ್ ಅಲ್ಲ

ಇವತ್ತು ಒಂದೇ ಒಂದು ಇಂಗ್ಲಿಷ್ ಪದದ ಬಗ್ಗೆ ಮಾತಾಡೋಣ: ವರ್ಸ್. ಚಿಕ್ಕ ಪದ. ಆದ್ರೆ ಒಂದು ರಾತ್ರಿ ಪೂರ್ತಿ ನಮ್ಮ ಮನೆಯವರ ನಿದ್ದೆ ಕೆಡಿಸಿತ್ತು.

ಅಪ್ಪ ನ್ಯುಮೋನಿಯಾ ಆಗಿ ಐಸಿಯುನಲ್ಲಿದ್ರು. ರಾತ್ರಿ ಜೊತೆಗಿರೋಕೆ ಯಾರನ್ನೂ ಬಿಡ್ತಿರಲಿಲ್ಲ. ಫೋನ್ ಮಾಡಿದಾಗ ನರ್ಸ್ ಇಂಗ್ಲಿಷಲ್ಲಿ, ಕೆಮ್ಮು ನಿನ್ನೆಗಿಂತ ಸ್ವಲ್ಪ ವರ್ಸ್ ಆಗಿದೆ ಅಂದ್ರು. ನಾನು ಗಾಬರೀಲಿ ಫ್ಯಾಮಿಲಿ ಗ್ರೂಪಿಗೆ ಹಾಕಿದೆ: 'ಅಪ್ಪನ ಕಂಡೀಷನ್ ವರ್ಸ್ಟ್ ಅಂತೆ.' ಹುಬ್ಬಳ್ಳಿಯಿಂದ ದೊಡ್ಡಪ್ಪ ಸಿಕ್ಕಿದ ಬಸ್ ಹತ್ತಿದ್ರು. ಅಮ್ಮ ದೇವರ ಮುಂದೆ ಕೂತವಳು ಏಳಲೇ ಇಲ್ಲ. ಬೆಳಗ್ಗೆ ಹೋಗಿ ನೋಡಿದ್ರೆ ಅಪ್ಪ ಎದ್ದು ಕೂತು ಇಡ್ಲಿ ತಿಂತಿದ್ದಾರೆ! 'ಏನಣ್ಣ, ಇಷ್ಟು ಬೆಳಗ್ಗೆನೇ ಬಂದೆ?' ಅಂದ್ರು. ದೊಡ್ಡಪ್ಪ ನನ್ನ ಮುಖ ನೋಡಿದ್ರು. ನಾನು ನೆಲ ನೋಡಿದೆ.

ತಪ್ಪು ನನ್ನದೇ. ಬ್ಯಾಡ್, ವರ್ಸ್, ವರ್ಸ್ಟ್ ಅಂತ ಶಾಲೇಲಿ ಬಾಯಿಪಾಠ ಮಾಡಿದ್ದೆ, ಅಷ್ಟೇ. ಕನ್ನಡದಲ್ಲಿ 'ನಿನ್ನೆಗಿಂತ ಜೋರು', 'ಎಲ್ಲಕ್ಕಿಂತ ಜೋರು' ಅಂತೀವಿ. ಜೋರು ಅನ್ನೋ ಪದ ಬದಲಾಗಲ್ಲ, ಹೋಲಿಕೆಯ ಕೆಲಸವನ್ನೆಲ್ಲ 'ಗಿಂತ' ಮಾಡುತ್ತೆ. ಇಂಗ್ಲಿಷಲ್ಲಿ ಪದವೇ ಬದಲಾಗುತ್ತೆ. ಸಾಲದ್ದಕ್ಕೆ, 'ಫಿಲ್ಮ್ ವರ್ಸ್ಟ್ ಗುರು', 'ಟ್ರಾಫಿಕ್ ವರ್ಸ್ಟು' ಅಂತ ಹೇಳಿ ಹೇಳಿ, ವರ್ಸ್ಟ್ ಅಂದ್ರೆ ಬರೀ 'ಕೆಟ್ಟದ್ದು' ಅನ್ನೋ ಹಾಗೆ ಮಾಡ್ಕೊಂಡಿದ್ದೀವಿ.

ಇಲ್ಲೊಂದು ಸೂಕ್ಷ್ಮ ಇದೆ. ವರ್ಸ್ ಅನ್ನೋದು ಎಷ್ಟು ಕೆಟ್ಟಿದೆ ಅಂತ ಹೇಳಲ್ಲ, ಯಾವ ಕಡೆ ಹೋಗ್ತಿದೆ ಅಂತ ಮಾತ್ರ ಹೇಳುತ್ತೆ. ಜ್ವರ 99ರಿಂದ 100 ಡಿಗ್ರಿಗೆ ಏರಿದ್ರೂ ವರ್ಸ್, 104ಕ್ಕೆ ಏರಿದ್ರೂ ವರ್ಸ್. ವರ್ಸ್ಟ್ ಅಂದ್ರೆ ಮಾತ್ರ ಎಲ್ಲಕ್ಕಿಂತ ಕೆಟ್ಟದ್ದು, ಕೊನೇ ಮೆಟ್ಟಿಲು.

ಬಳಸೋವಾಗ ಇಷ್ಟು ನೆನಪಿಡಿ. ಮೋರ್ ವರ್ಸ್ ಅನ್ನಬೇಡಿ, ವರ್ಸ್ ಒಳಗೇ 'ಮೋರ್' ಇದೆ. ತುಂಬಾ ಹೆಚ್ಚಾಗಿದ್ರೆ ಮಚ್ ವರ್ಸ್ ಅನ್ನಿ. ವರ್ಸರ್ ಅನ್ನೋದನ್ನ ಶೇಕ್ಸ್‌ಪಿಯರ್ ಬಳಸಿದ್ದಾನೆ ನಿಜ, ಆದ್ರೆ ಇವತ್ತು ಇಂಟರ್‌ವ್ಯೂನಲ್ಲಿ ನೀವು ಅಂದ್ರೆ ತಪ್ಪು ಅಂತಾರೆ. ಸಿವಿಯರ್ ಅನ್ನೋ ಪದಕ್ಕೆ ಮಾತ್ರ ಮೋರ್ ಸಿವಿಯರ್ ಸರಿ.

ಡಾಕ್ಟರ್ ಹತ್ರ ನಾವು ಹೇಳೋವಾಗಲೂ ಅಷ್ಟೇ. ದಿನಾ 'ಪೇನ್ ವರ್ಸ್ಟ್' ಅಂದ್ರೆ, ನೋವು ನಿಜವಾಗಿ ಹೆಚ್ಚಾದ ದಿನ ಅವರಿಗೆ ಗೊತ್ತಾಗೋದು ಹೇಗೆ? 'ನಿನ್ನೆ ಹತ್ತಕ್ಕೆ ನಾಲ್ಕಿತ್ತು, ಇವತ್ತು ಆರಿದೆ' ಅನ್ನಿ. ಕನ್ನಡದಲ್ಲೇ ಅನ್ನಿ, ಪರವಾಗಿಲ್ಲ.

ಇನ್ಮುಂದೆ ಯಾರಾದ್ರೂ ವರ್ಸ್ ಅಂದ್ರೆ ಗ್ರೂಪಿಗೆ ಮೆಸೇಜ್ ಹಾಕೋ ಮೊದಲು ಎರಡು ಪ್ರಶ್ನೆ ಕೇಳಿ: ಯಾವುದಕ್ಕಿಂತ? ಎಷ್ಟು? ಆ ರಾತ್ರಿ ನಾನು ಕೇಳಿದ್ದಿದ್ರೆ ದೊಡ್ಡಪ್ಪ ಮನೇಲಿ ಮಲಗಿರ್ತಿದ್ರು.

ಮುಂದಿನ ಸಂಚಿಕೇಲಿ ಸಿಗೋಣ.