ಊರ ವಾಹನ, ಚಾಲಕನ ಪರವಾನಗಿ



ಹೆದ್ದಾರಿಯ ಅಂಚಿನ ಕಾನಹೊಸಹಳ್ಳಿಗೆ ಬಸ್ಸು ಬರುತ್ತದೆ. ಗುಡೇಕೋಟೆಯ ಕಡೆಯ ಬಂಡೆಗುಡ್ಡಗಳ ನಡುವಿನ ಊರುಗಳ ಗರ್ಭಿಣಿಗೆ, ವಿದ್ಯಾರ್ಥಿಗೆ ಎಷ್ಟೋ ವೇಳೆ ಆಟೋ, ಟ್ರಾಕ್ಸ್‌ಗಳೇ ಗತಿ. ಊರವರು ಕೂಡಿ ಗಾಡಿಯೊಂದನ್ನು ಇಟ್ಟುಕೊಳ್ಳುವುದು ಮೆಚ್ಚತಕ್ಕ ವಿಚಾರ. ಆದರೆ ಅದರ ಸ್ಟೇರಿಂಗ್ ಹಿಡಿಯುವವನು ಯಾರು?

ಲಘು ವಾಹನದ ಪರವಾನಗಿ ಸಾಲದೆಂದು ವಾದಿಸಿ, ಅಪಘಾತವಾದಾಗ ಪರಿಹಾರದ ಹೊಣೆಯಿಂದ ಜಾರಲು ವಿಮಾ ಕಂಪನಿಗಳು ಯತ್ನಿಸುತ್ತಿದ್ದವು. ಸತ್ತವರ ಮನೆಯವರು ವರ್ಷಗಟ್ಟಲೆ ನ್ಯಾಯಾಲಯ ಅಲೆದರು. 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠವು, ಒಟ್ಟು ತೂಕ 7,500 ಕಿಲೋದೊಳಗಿನ ಸಾರಿಗೆ ವಾಹನವನ್ನು ಆ ಪರವಾನಗಿಯಿಂದಲೇ ನಡೆಸಬಹುದೆಂದು ತೀರ್ಪಿತ್ತಿತು. ಹೆಚ್ಚುವರಿ ಅರ್ಹತೆಗಳು ಅದಕ್ಕಿಂತ ಭಾರದ ಬಸ್ಸು, ಲಾರಿಗಳಿಗೆ ಮಾತ್ರ. ಇ-ರಿಕ್ಷಾ, ಅಪಾಯಕಾರಿ ಸರಕಿನ ವಾಹನಗಳು ಈ ತೀರ್ಪಿನ ವ್ಯಾಪ್ತಿಗೆ ಬಾರವು.

ಸಾರಿಗೆ ಚಾಲಕ ಎಂಟನೇ ತರಗತಿ ಓದಿರಬೇಕೆಂಬ ನಿಯಮವೂ 2019ರಲ್ಲಿ ರದ್ದಾಯಿತು. ಓದು ಬಿಟ್ಟರೂ ದಾರಿ ಬಲ್ಲ ಹುಡುಗರಿಗೆ ಇದು ನ್ಯಾಯವೇ ಸರಿ.

ಕಾಯಿದೆ ಸಡಿಲಿಸಿತೆಂದು ಊರೂ ಸಡಿಲಾಗಬೇಕಿಲ್ಲ. ಇರುಳಲ್ಲಿ ಕರಡಿ ಅಡ್ಡ ಬರುವ ಸೀಮೆಯಿದು. ಇಪ್ಪತ್ತು ದಾಟಿದ, ಕಣ್ಣು ನೆಟ್ಟಗಿರುವ, ಕುಡಿಯದ ಚಾಲಕನನ್ನೇ ಆರಿಸುವುದು ಒಳಿತು. ತೀರ್ಪು ಚಾಲಕನ ಪರವಾನಗಿಗಷ್ಟೇ ಸಂಬಂಧಿಸಿದ್ದು. ಗಾಡಿಯ ರಹದಾರಿ, ಅರ್ಹತಾ ಪತ್ರ, ವಿಮೆ ಬೇರೆ. ಬಿಳಿ ಫಲಕದ ಸ್ವಂತ ಜೀಪಿನಲ್ಲಿ ತಲೆಗಿಷ್ಟೆಂದು ಹಣ ಪಡೆದರೆ, ಡೀಸೆಲ್ ಖರ್ಚೆಂದು ಕರೆದರೂ ಅದು ಬಾಡಿಗೆಯೇ. ಗಾಡಿಯ ನೆತ್ತಿಯ ಮೇಲೆ ಜನರನ್ನು ಕೂರಿಸುವುದನ್ನು ಕಾಯಿದೆಯ 123ನೇ ಕಲಮು ನಿಷೇಧಿಸಿದೆ, ಸಂತೆಯ ದಿನವೂ.