ಕತ್ತಲೆಯ ಪಾಳಿ

ಕಟ್ಟಡಗಳಿಗೆ ಬೆಳಕಿನ ವಿನ್ಯಾಸ ಮಾಡುವುದು ನನ್ನ ವೃತ್ತಿ ಎಂದು ಹೇಳಿದಾಗ, ಕೇಳಿದವರು ಸಾಮಾನ್ಯವಾಗಿ ತಮ್ಮ ಮನೆಯ ಕೆಟ್ಟುಹೋದ ಟ್ಯೂಬ್‌ಲೈಟಿನ ಮಾತೆತ್ತುತ್ತಾರೆ. ಅವರ ತಪ್ಪೇನೂ ಇಲ್ಲ. ದೀಪ ಕಾಣುವಂಥದು, ಕೊಳ್ಳುವಂಥದು. ಬೆಳಕಾದರೋ ಒಂದು ವಸ್ತುವಿನ ಮೇಲೆ ಬೀಳುವವರೆಗೆ ಕಾಣುವುದೇ ಇಲ್ಲ. ಆ ವಸ್ತು, ಗೋಡೆಯಾಗಲಿ ಕಂಬವಾಗಲಿ, ಬೇರೊಬ್ಬರ ಕೈಕೆಲಸ. ಆದಕಾರಣ ಒಬ್ಬರೇ ಕುಳಿತು ಮಾಡಿ ಮುಗಿಸುವ ಉದ್ಯೋಗ ಇದಲ್ಲ.

ಬೆಂಗಳೂರಿನಲ್ಲಿ ನಾವು ಮೂವರು ಸೇರಿ ಈ ಕೆಲಸ ನಡೆಸುವ ಜಾಗ ಹಿಂದೊಮ್ಮೆ ಉಗ್ರಾಣವಾಗಿತ್ತು. ಈಗ ಅದರ ಬಾಡಿಗೆ ಐದು ಪಾಲು. ನಮ್ಮದೊಂದು, ಉಳಿದವು ಮಣ್ಣಿನ ಪಾತ್ರೆ ಮಾಡುವ ಕಲಾವಿದೆಯೊಬ್ಬರದು, ಛಾಯಾಗ್ರಾಹಕರೊಬ್ಬರದು, ಕಟ್ಟಡಗಳ ಮರದ ಮಾದರಿ ಮಾಡುವ ಬಡಗಿಯೊಬ್ಬರದು, ಮುಖಪುಟಗಳನ್ನು ಬರೆಯುವ ಚಿತ್ರಕಾರರೊಬ್ಬರದು. ನಮ್ಮೊಳಗೆ ಮೊದಲ ಜಗಳ ಹುಟ್ಟಿದ್ದು ಬಾಡಿಗೆಗಾಗಿ ಅಲ್ಲ, ಕತ್ತಲೆಗಾಗಿ. ಎಲ್ಲರಿಗೂ ಬೆಳಕು ಬೇಕು. ಬೆಳಕಿನ ಕಸುಬಿನವರಾದ ನಮಗೆ ಮಾತ್ರ ಕತ್ತಲೆ ಬೇಕು! ಒಂದು ದೀಪ ಒಂದು ಗೋಡೆಯ ಮೇಲೆ ಏನು ಮಾಡುತ್ತದೆಂಬುದು ಹಗಲಿನಲ್ಲಿ ತಿಳಿಯುವಂತಿಲ್ಲ. ಕೊನೆಗೆ, ವಾರದಲ್ಲಿ ಎರಡು ಸಂಜೆ ಕತ್ತಲೆಯ ಪಾಳಿ ಎಂದು ಗೊತ್ತುಮಾಡಿಕೊಂಡೆವು. ಆ ಹೊತ್ತಿಗೆ ಬಡಗಿ ಗರಗಸ ಕೆಳಗಿಡುತ್ತಾರೆ. ಚಿತ್ರಕಾರರು ಗೊಣಗುತ್ತ ಮನೆಗೆ ಹೊರಡುತ್ತಾರೆ. ಉಳಿದವರು ಚಹಾ ಹಿಡಿದು ನೋಡುತ್ತ ನಿಲ್ಲುತ್ತಾರೆ.

ಈ ವೃತ್ತಿಗೆ ಸ್ವತಂತ್ರವಾದ ಒಂದು ಸ್ಥಾನ ತಂದುಕೊಟ್ಟವರಲ್ಲಿ ಅಮೆರಿಕದ ರಿಚರ್ಡ್ ಕೆಲ್ಲಿ (1910–1977) ಪ್ರಮುಖರು. ಅವರ ಕೀರ್ತಿಯೆಲ್ಲ ಇರುವುದು ಇತರರ ಕಟ್ಟಡಗಳಲ್ಲಿ. ವಾಸ್ತುಶಿಲ್ಪಿ ಫಿಲಿಪ್ ಜಾನ್ಸನ್ 1949ರಲ್ಲಿ ತಮಗಾಗಿ ಒಂದು ಗಾಜಿನ ಮನೆ ಕಟ್ಟಿಕೊಂಡರು. ಹಗಲಿನಲ್ಲಿ ಸುತ್ತಣ ಮರಗಳೇ ಅದಕ್ಕೆ ಗೋಡೆ. ರಾತ್ರಿ ಒಳಗೆ ದೀಪ ಹಚ್ಚಿದರೋ, ಗಾಜೆಲ್ಲ ಕನ್ನಡಿಯಾಗಿ, ಮನೆಯೊಡೆಯನಿಗೆ ತನ್ನ ಮುಖವನ್ನೇ ನೋಡುತ್ತ ಕೂರುವ ಪಾಡು. ಕೆಲ್ಲಿ ಒಳಗಿನ ಬೆಳಕನ್ನು ತಗ್ಗಿಸಿ, ಹೊರಗಿನ ಹುಲ್ಲಿಗೂ ಮರಗಳಿಗೂ ಬೆಳಕಿಟ್ಟರು. ಕನ್ನಡಿ ಮತ್ತೆ ಗಾಜಾಯಿತು.

ಇದಕ್ಕಿಂತ ಸೋಜಿಗದ್ದು ಟೆಕ್ಸಾಸಿನ ಫೋರ್ಟ್‌ವರ್ತ್‌ನಲ್ಲಿ 1972ರಲ್ಲಿ ತೆರೆದ ಕಿಂಬೆಲ್ ಕಲಾ ಸಂಗ್ರಹಾಲಯ. ಅದರ ವಾಸ್ತುಶಿಲ್ಪಿ ಲೂಯಿ ಕಾನ್. ಅಹಮದಾಬಾದಿನ ಐಐಎಂ ಕಟ್ಟಡಗಳ ಮೂಲಕ ನಮ್ಮ ದೇಶಕ್ಕೂ ಪರಿಚಿತರು. ಕಾಂಕ್ರೀಟಿನ ಕಮಾನು ಛಾವಣಿಯ ನೆತ್ತಿಯನ್ನು ಉದ್ದಕ್ಕೆ ಸೀಳಿ ಸೂರ್ಯನನ್ನು ಒಳಗೆ ಕರೆದವರು ಅವರು. ಆದರೆ ನೇರ ಬಿಸಿಲು ಚಿತ್ರಗಳಿಗೆ ಶತ್ರು. ಸೀಳಿನ ಕೆಳಗೆ, ರೆಕ್ಕೆ ಬಿಚ್ಚಿದ ಹಕ್ಕಿಯಂತೆ, ಸಣ್ಣ ಸಣ್ಣ ರಂಧ್ರಗಳುಳ್ಳ ಅಲ್ಯೂಮಿನಿಯಂ ತಗಡು ತೂಗುವ ಏರ್ಪಾಡನ್ನು ರೂಪಿಸಿದವರು ಕೆಲ್ಲಿ. ಅದರ ಬಾಗನ್ನು ಗಣಕಯಂತ್ರದ ನೆರವಿನಿಂದ ಲೆಕ್ಕಹಾಕಲಾಯಿತು. ಬಿಸಿಲು ತಗಡಿಗೆ ಬಡಿದು ಮೇಲಕ್ಕೆ ಹಿಂದಿರುಗುತ್ತದೆ. ಬೂದುಬಣ್ಣದ ಕಾಂಕ್ರೀಟು ಬೆಳ್ಳಿಯಂತೆ ಬೆಳಗುತ್ತದೆ. ಆ ಬೆಳ್ಳಿ ಯಾರದು? ಕಾನ್ ಅವರದೆ, ಕೆಲ್ಲಿಯವರದೆ, ಕಾಂಕ್ರೀಟನ್ನು ಅಷ್ಟು ನಯವಾಗಿ ಎರೆದ ಕೆಲಸಗಾರರದೆ? ಪಾಲು ಹಂಚಲು ನನಗೆ ಧೈರ್ಯ ಸಾಲದು. (ನಮ್ಮ ಮೈಸೂರು ಅರಮನೆಯ ದೀಪಾಲಂಕಾರದ ರೀತಿಯೇ ಬೇರೆ. ಅಲ್ಲಿ ಸುಮಾರು ಒಂದು ಲಕ್ಷ ಬಲ್ಬುಗಳು ತಾವೇ ರೇಖೆಗಳಾಗಿ ಅರಮನೆಯನ್ನು ಆಕಾಶದಲ್ಲಿ ಬರೆಯುತ್ತವೆ. ಗೋಡೆಯ ಹಂಗು ಅವಕ್ಕೆ ಕಡಮೆ.)

ಗೋಡೆಯ ಹಂಗು ಎಂಥದೆಂದು ನಮಗೆ ತಿಳಿದದ್ದು ಒಂದು ವಾಚನಾಲಯದಲ್ಲಿ. ದೀಪಗಳನ್ನು ಎತ್ತರದಲ್ಲಿ ಮರೆಮಾಡಿ, ಗೋಡೆಯ ಸುಣ್ಣದ ಬಿಳುಪಿನಿಂದ ಹಿಂದಿರುಗಿದ ಮೆದುವಾದ ಬೆಳಕು ಮೇಜುಗಳಿಗೆ ಬರಬೇಕೆಂದು ನಾವು ಯೋಜಿಸಿದ್ದೆವು. ಲೆಕ್ಕವೆಲ್ಲ ಸರಿಯಾಗಿತ್ತು. ಪ್ರಾರಂಭದ ದಿನ ಹೋಗಿ ನೋಡಿದರೆ, ಗೋಡೆಗೆಲ್ಲ ಹೊಳೆಯುವ ಎಣ್ಣೆಬಣ್ಣ! ಒಂದೊಂದು ದೀಪವೂ ಗೋಡೆಯೊಳಗೆ ಇನ್ನೊಂದು ದೀಪವಾಗಿ ಕಣ್ಣು ಕುಕ್ಕುತ್ತಿತ್ತು. ಹಿರಿಯರೊಬ್ಬರು ಕುರ್ಚಿಯನ್ನು ತಿರುಗಿಸಿ, ಬಾಗಿಲಿನತ್ತ ಮುಖಮಾಡಿ ಪತ್ರಿಕೆ ಓದುತ್ತಿದ್ದರು.

ಬಣ್ಣದ ಮೇಸ್ತ್ರಿಯನ್ನು ಕೇಳಿದೆ. "ಸುಣ್ಣಕ್ಕೆ ಕೈಗುರುತು ಹತ್ತುತ್ತೆ ಸ್ವಾಮಿ, ಇದಾದರೆ ಒರೆಸಬಹುದು. ದೀಪಕ್ಕೂ ಬಣ್ಣಕ್ಕೂ ಸಂಬಂಧ ಉಂಟು ಅಂತ ನನಗೆ ಹೇಳಿದವರು ಯಾರು?" ಎಂದರು. ನಕ್ಷೆಯ ಮೂಲೆಯಲ್ಲಿ ನಾವು ಬರೆದಿದ್ದೆವು, ನಿಜ. ನಕ್ಷೆ ಅವರ ಕೈಗೆ ಬಂದೇ ಇರಲಿಲ್ಲ.

ಅಂದಿನ ಸಂಜೆ ಉಗ್ರಾಣದಲ್ಲಿ ನಮ್ಮ ಗೋಳು ಕೇಳಿದ ಕಲಾವಿದೆ ಮಾತಾಡದೆ ಎರಡು ಮಣ್ಣಿನ ಬಿಲ್ಲೆಗಳನ್ನು ತಂದು ಒಂದೇ ದೀಪದ ಕೆಳಗಿಟ್ಟರು. ಒಂದಕ್ಕೆ ಮೆರುಗು ಕೊಟ್ಟಿತ್ತು, ಇನ್ನೊಂದಕ್ಕೆ ಇಲ್ಲ. "ಇಷ್ಟನ್ನು ಆ ಮೇಸ್ತ್ರಿಗೆ ತೋರಿಸಿದ್ದರೆ ಆಗುತ್ತಿರಲಿಲ್ಲವೆ?" ಎಂದು ಕೇಳಿದರು. ಮರುದಿನ ಬಿಲ್ಲೆಗಳನ್ನೇ ಒಯ್ದು ತೋರಿಸಿದೆವು. ಪರಿಹಾರ ಹೇಳಿದವರು ಮೇಸ್ತ್ರಿಯೇ: ಕೈ ತಾಗುವ ಎದೆಯೆತ್ತರದವರೆಗೆ ಎಣ್ಣೆಬಣ್ಣ ಇರಲಿ, ಮೇಲೆ ಹೊಳಪಿಲ್ಲದ ಬಣ್ಣ ಬಳಿಯೋಣ. ಯೋಚಿಸಿ ನೋಡಿದರೆ ಅದು ಅಪ್ಪಟ ಶಾಸ್ತ್ರ. ಎತ್ತರದ ದೀಪದ ಪ್ರತಿಬಿಂಬ ಕುಳಿತವನಿಗೆ ಕಾಣುವುದು ಅವನ ಕಣ್ಣಿನ ಮಟ್ಟಕ್ಕಿಂತ ಮೇಲಿನ ಗೋಡೆಯಲ್ಲಿ ಮಾತ್ರ.

ಮತ್ತೆ ಬಳಿಸಿದ ಖರ್ಚು ನಮ್ಮ ಸಂಭಾವನೆಯಲ್ಲಿ ಕಳೆದುಹೋಯಿತು. ಆ ತಿಂಗಳು ನಮ್ಮ ಪಾಲಿನ ಬಾಡಿಗೆಯನ್ನು ಕಲಾವಿದೆಯೇ ಕಟ್ಟಿದರು. ಬಿಲ್ಲೆಗಳನ್ನು ನಾವಿನ್ನೂ ಹಿಂದಿರುಗಿಸಿಲ್ಲ. ಹೊಸ ಕೆಲಸ ಬಂದಾಗಲೆಲ್ಲ ಚೀಲದಲ್ಲಿ ನಕ್ಷೆಗಿಂತ ಮೊದಲು ಸೇರುವುದು ಅವೇ.