ಮಣಿಪುರದ ಗುಡ್ಡ, ಕಣಿವೆ ಮತ್ತು ದಿಲ್ಲಿಯ ಯೋಜನೆಗಳು



ಗಡಿ ಪ್ರದೇಶಗಳ ಅಭಿವೃದ್ಧಿ ಮತ್ತು ಭದ್ರತೆ ಎಂಬುದು ಈ ಸಮ್ಮೇಳನದ ವಿಷಯ. ಲಡಾಖ್‌ನಿಂದ ಕಛ್‌ವರೆಗೆ ಎಲ್ಲಿಯ ಮಾತನ್ನಾದರೂ ಇದರಡಿ ಆಡಬಹುದು. ನಾನು ಒಂದೇ ರಾಜ್ಯವನ್ನು ಹಿಡಿದು ಮಾತನಾಡುತ್ತೇನೆ: ಮಣಿಪುರ. 2023ರ ಮೇ 3ರಂದು ಅಲ್ಲಿ ಮೈತೇಯಿ ಮತ್ತು ಕುಕಿ-ಝೋ ಸಮುದಾಯಗಳ ನಡುವೆ ಹೊತ್ತಿಕೊಂಡ ಹಿಂಸೆಯಲ್ಲಿ 250ಕ್ಕೂ ಹೆಚ್ಚು ಜನ ಸತ್ತರು. ಸುಮಾರು 60,000 ಜನ ಮನೆಮಠ ಕಳೆದುಕೊಂಡರು. ಪೊಲೀಸ್ ಶಸ್ತ್ರಾಗಾರಗಳಿಂದ ಸಾವಿರಾರು ಬಂದೂಕುಗಳು ಲೂಟಿಯಾದವು. ಗಡಿನಾಡಿಗಾಗಿ ಸರ್ಕಾರದ ಬಳಿ ಏನೇನು ಸಾಧನಗಳಿವೆಯೋ ಅವೆಲ್ಲವೂ ಮಣಿಪುರದಲ್ಲಿ ದಶಕಗಳಿಂದ ಇದ್ದವು. ವಿಶೇಷ ಕಾಯ್ದೆ ಇತ್ತು, ಅಸ್ಸಾಂ ರೈಫಲ್ಸ್ ಇತ್ತು, ಹೆದ್ದಾರಿ, ರೈಲು ಮಾರ್ಗದ ಕಾಮಗಾರಿ, ಗಡಿ ವ್ಯಾಪಾರ ಕೇಂದ್ರ, ವಿಶೇಷ ಅನುದಾನ ಎಲ್ಲ ಇದ್ದವು. ಇಷ್ಟೆಲ್ಲ ಇದ್ದೂ ಹೀಗೇಕಾಯಿತು ಎಂಬುದೇ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ.

ಮೊದಲು ನೆಲವನ್ನು ನೋಡೋಣ. ಮಣಿಪುರದ ವಿಸ್ತೀರ್ಣ 22,327 ಚದರ ಕಿಲೋಮೀಟರು. ನಡುವೆ ಇಂಫಾಲ ಕಣಿವೆ, ಸುತ್ತ ಗುಡ್ಡಗಳು. ಕಣಿವೆ ಒಟ್ಟು ನೆಲದ ಹತ್ತನೇ ಒಂದು ಭಾಗದಷ್ಟು ಮಾತ್ರ, ಆದರೆ ಅರ್ಧಕ್ಕಿಂತ ಹೆಚ್ಚು ಜನ ಅಲ್ಲೇ ಇದ್ದಾರೆ. ಅವರಲ್ಲಿ ಮೈತೇಯಿಗಳು ಹೆಚ್ಚು. ಗುಡ್ಡಗಳಲ್ಲಿ ನಾಗಾ ಮತ್ತು ಕುಕಿ-ಝೋ ಬುಡಕಟ್ಟುಗಳು. ವಿಧಾನಸಭೆಯ 60 ಸ್ಥಾನಗಳಲ್ಲಿ 40 ಕಣಿವೆಗೆ, 20 ಗುಡ್ಡಗಳಿಗೆ. ಗುಡ್ಡದ ನೆಲವನ್ನು ಕಣಿವೆಯವರು ಕೊಳ್ಳುವಂತಿಲ್ಲ. ಹಾಗಾಗಿ ಅಧಿಕಾರ ಕಣಿವೆಯವರ ಕೈಯಲ್ಲಿದೆ ಎಂಬ ಕೊರಗು ಗುಡ್ಡದವರಿಗೆ. ಕಾಲಿಡಲು ಜಾಗವಿಲ್ಲದಂತೆ ತಾವು ಇಕ್ಕಟ್ಟಾಗುತ್ತಿದ್ದೇವೆ ಎಂಬ ಕೊರಗು ಕಣಿವೆಯವರಿಗೆ. ಎರಡೂ ಕೊರಗುಗಳಿಗೆ ಆಧಾರವಿದೆ. ಒಂದನ್ನು ಮಾತ್ರ ಕೇಳಿಸಿಕೊಂಡು ತೀರ್ಪು ಕೊಡುವವರು ಇಂದು ನಮ್ಮ ನಡುವೆಯೂ ಹೆಚ್ಚಾಗಿದ್ದಾರೆ, ಅದು ನನಗೆ ನೋವಿನ ಸಂಗತಿ.

ಇಂಥ ನೆಲಕ್ಕೆ ದಿಲ್ಲಿಯಿಂದ ಎರಡು ಕಡತಗಳು ಬರುತ್ತವೆ. ಒಂದು ಗೃಹ ಸಚಿವಾಲಯದ್ದು. ಅದರಲ್ಲಿ ಪಡೆಗಳ ನಿಯೋಜನೆ, ಬಂಡುಕೋರ ಗುಂಪುಗಳೊಂದಿಗಿನ ಒಪ್ಪಂದ, ಬೇಲಿ, ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆ. ಇನ್ನೊಂದು ಅಭಿವೃದ್ಧಿಯದು. 1972ರಲ್ಲಿ ಈಶಾನ್ಯ ಮಂಡಳಿ ಕೆಲಸ ಶುರುಮಾಡಿತು. 2001ರಲ್ಲಿ ಈಶಾನ್ಯಕ್ಕೆಂದೇ ಹುಟ್ಟಿದ ಇಲಾಖೆ 2004ರಲ್ಲಿ ಪೂರ್ಣ ಸಚಿವಾಲಯವಾಯಿತು. ಕೇಂದ್ರದ ಬಹುಪಾಲು ಸಚಿವಾಲಯಗಳು ತಮ್ಮ ಬಜೆಟ್ಟಿನ ಶೇ. 10ರಷ್ಟನ್ನು ಈಶಾನ್ಯಕ್ಕೆ ಮೀಸಲಿಡಬೇಕೆಂಬ ನಿಯಮವಿದೆ. ಗಡಿ ಹಳ್ಳಿಗಳಿಗೆ 1986-87ರಿಂದ ಗಡಿ ಪ್ರದೇಶ ಅಭಿವೃದ್ಧಿ ಕಾರ್ಯಕ್ರಮವಿತ್ತು. ಮೊದಲು ಪಶ್ಚಿಮದ ರಾಜ್ಯಗಳಿಗೆ, ಆಮೇಲೆ ಪೂರ್ವಕ್ಕೆ. 2023ರಲ್ಲಿ 4,800 ಕೋಟಿ ರೂಪಾಯಿಯ ‘ವೈಬ್ರಂಟ್ ವಿಲೇಜಸ್’ ಯೋಜನೆ ಬಂತು, ಅದು ಚೀನಾದ ಗಡಿಗೆ. 2025ರ ಏಪ್ರಿಲಿನಲ್ಲಿ ಒಪ್ಪಿಗೆ ಪಡೆದ ಅದರ ಎರಡನೇ ಹಂತಕ್ಕೆ 6,839 ಕೋಟಿ. ಮಣಿಪುರದ ಗಡಿ ಹಳ್ಳಿಗಳು ಈಗ ಅದರೊಳಗೆ ಸೇರಿವೆ.

ಹಣವೇ ಇಲ್ಲ ಎಂದು ಯಾರೂ ಹೇಳಲಾರರು. ಆದರೆ ಈ ಎರಡು ಕಡತಗಳು ಒಂದೇ ಮೇಜಿಗೆ ಬರುವುದು ಎಲ್ಲಿ? ಗುಡ್ಡದ ಹಳ್ಳಿಯವನಿಗೆ ರಸ್ತೆ ಬೇರೆ, ಚೆಕ್‌ಪೋಸ್ಟ್ ಬೇರೆ ಆಗಿರುವುದಿಲ್ಲ. ಬಸುರಿ ಹೆಂಗಸನ್ನು ಆಸ್ಪತ್ರೆಗೆ ಒಯ್ಯುವಾಗ ಎರಡೂ ಒಂದೇ ಹಾದಿಯಲ್ಲಿ ಎದುರಾಗುತ್ತವೆ.

ರಸ್ತೆಯ ವಿಷಯವನ್ನೇ ಸ್ವಲ್ಪ ನಿಧಾನವಾಗಿ ನೋಡಬೇಕು. ಇಂಫಾಲಕ್ಕೆ ಅಕ್ಕಿ, ಔಷಧಿ, ಪೆಟ್ರೋಲು, ಅಡುಗೆ ಅನಿಲ ಬರುವುದು ಮುಖ್ಯವಾಗಿ ಎರಡು ಹೆದ್ದಾರಿಗಳಿಂದ. ಒಂದು ದಿಮಾಪುರದಿಂದ ಸೇನಾಪತಿ, ಕಾಂಗ್‌ಪೋಕ್ಪಿ ಹಾದು ಬರುತ್ತದೆ. ಇನ್ನೊಂದು ಜಿರಿಬಾಮ್ ಕಡೆಯಿಂದ. ಎರಡೂ ಗುಡ್ಡಗಳನ್ನು ದಾಟಿಯೇ ಕಣಿವೆಗೆ ಇಳಿಯಬೇಕು. 2011ರಲ್ಲಿ ಸದರ್ ಹಿಲ್ಸ್ ಪ್ರತ್ಯೇಕ ಜಿಲ್ಲೆಯಾಗಬೇಕೆಂಬ ಬೇಡಿಕೆ ಮುಂದಿಟ್ಟು ಕುಕಿ ಸಂಘಟನೆಗಳು ಹೆದ್ದಾರಿ ತಡೆದವು, ಅದಕ್ಕೆ ಪ್ರತಿಯಾಗಿ ನಾಗಾ ಸಂಘಟನೆಗಳು ತಡೆದವು. ನೂರು ದಿನ ದಾಟಿತು. 2016ರ ನವೆಂಬರಿನಲ್ಲಿ ಹೊಸ ಜಿಲ್ಲೆಗಳ ರಚನೆಯನ್ನು ವಿರೋಧಿಸಿ ಶುರುವಾದ ತಡೆ 2017ರ ಮಾರ್ಚಿಗೆ ತೆರವಾಯಿತು. 2023ರ ನಂತರವಂತೂ ದಿಮಾಪುರದ ಹೆದ್ದಾರಿಯಲ್ಲಿ ಮೈತೇಯಿಗಳು ಓಡಾಡಲಾರದಂತಾಯಿತು. ಕುಕಿಗಳು ಇಂಫಾಲದ ವಿಮಾನ ನಿಲ್ದಾಣಕ್ಕೆ ಬರಲಾರದೆ ಐಜೋಲ್‌ವರೆಗೆ ಬೆಟ್ಟಗುಡ್ಡಗಳ ಹಾದಿ ಹಿಡಿದರು. ಡಾಂಬರು ಹಾಕಿದ ಮಾತ್ರಕ್ಕೆ ರಸ್ತೆ ಎಲ್ಲರದ್ದೂ ಆಗುವುದಿಲ್ಲ ಎಂಬುದನ್ನು ಇಷ್ಟು ನೇರವಾಗಿ ತೋರಿಸುವ ಇನ್ನೊಂದು ರಾಜ್ಯ ನನಗೆ ತಿಳಿದಿಲ್ಲ. ಕಾಮಗಾರಿಯ ವರದಿಯಲ್ಲಿ ಎಷ್ಟು ಕಿಲೋಮೀಟರು ಮುಗಿಯಿತು ಎಂದು ಬರೆಯುತ್ತಾರೆ. ಆ ರಸ್ತೆಯಲ್ಲಿ ಯಾರು ಯಾರು ಹೋಗಬಲ್ಲರು ಎಂಬ ಕಲಂ ಆ ವರದಿಯಲ್ಲಿ ಇಲ್ಲ.

ರೈಲಿನ ಕಥೆಯೂ ಇದೆ. ಜಿರಿಬಾಮ್‌ನಿಂದ ಇಂಫಾಲಕ್ಕೆ 111 ಕಿಲೋಮೀಟರಿನ ಮಾರ್ಗ. ನೋನಿಯಲ್ಲಿ 141 ಮೀಟರು ಎತ್ತರದ ಕಂಬದ ಮೇಲೆ ಸೇತುವೆ. ನಮ್ಮ ಎಂಜಿನಿಯರುಗಳ ಸಾಮರ್ಥ್ಯಕ್ಕೆ ತಲೆಬಾಗುತ್ತೇನೆ. ಅದೇ ಮಾರ್ಗದ ತುಪುಲ್‌ನಲ್ಲಿ 2022ರ ಜೂನ್ 30ರಂದು ಗುಡ್ಡ ಕುಸಿದು, ಕಾಮಗಾರಿಗೆ ಕಾವಲಿದ್ದ ಪ್ರಾದೇಶಿಕ ಸೇನೆಯ ಯೋಧರೂ ಕಾರ್ಮಿಕರೂ ಹತ್ತಾರು ಸಂಖ್ಯೆಯಲ್ಲಿ ಮಣ್ಣಿನಡಿ ಸಿಕ್ಕಿ ಸತ್ತರು. ರೈಲು ಮಾರ್ಗ ಕಟ್ಟಲು ಸೇನೆಯ ಕಾವಲು ಬೇಕಾಗುವ ನಾಡು ಅದು.

ಇನ್ನು ಗಡಿಯ ಮಾತು. ಮ್ಯಾನ್ಮಾರ್ ಜೊತೆ ನಮ್ಮ ಗಡಿ 1,643 ಕಿಲೋಮೀಟರು, ಅದರಲ್ಲಿ ಮಣಿಪುರದ್ದು 398. ಗೆರೆಯ ಎರಡೂ ಕಡೆ ಒಂದೇ ಬುಡಕಟ್ಟು, ಒಂದೇ ನಂಟಸ್ತಿಕೆ. ಹಾಗಾಗಿ ಗಡಿಯಿಂದ 16 ಕಿಲೋಮೀಟರಿನವರೆಗೆ ವೀಸಾ ಇಲ್ಲದೆ ಹೋಗಿಬರುವ ಮುಕ್ತ ಸಂಚಾರ ವ್ಯವಸ್ಥೆ ಇತ್ತು. 2021ರ ಫೆಬ್ರುವರಿಯಲ್ಲಿ ಮ್ಯಾನ್ಮಾರ್‌ನಲ್ಲಿ ಸೇನೆ ಅಧಿಕಾರ ಕಿತ್ತುಕೊಂಡ ಮೇಲೆ ನಿರಾಶ್ರಿತರು ಬಂದರು, ಮಾದಕವಸ್ತು ಮತ್ತು ಆಯುಧಗಳ ಸಾಗಣೆಯ ಆತಂಕ ಹೆಚ್ಚಿತು. 2024ರ ಫೆಬ್ರುವರಿಯಲ್ಲಿ ಕೇಂದ್ರ ಗೃಹ ಸಚಿವರು ಈ ವ್ಯವಸ್ಥೆಯನ್ನು ರದ್ದುಪಡಿಸುವುದಾಗಿ, ಇಡೀ ಗಡಿಗೆ ಬೇಲಿ ಹಾಕುವುದಾಗಿ ಪ್ರಕಟಿಸಿದರು. ಮೈತೇಯಿ ಸಂಘಟನೆಗಳು ಸ್ವಾಗತಿಸಿದವು. ನಾಗಾ, ಕುಕಿ ಸಂಘಟನೆಗಳು ವಿರೋಧಿಸಿದವು. ನಾಗಾಲ್ಯಾಂಡ್ ಮತ್ತು ಮಿಜೋರಾಂ ವಿಧಾನಸಭೆಗಳು ನಿರ್ಣಯ ಮಾಡಿ ಬೇಡವೆಂದವು. ಆ ವರ್ಷದ ಕೊನೆಗೆ, 10 ಕಿಲೋಮೀಟರಿನ ಮಿತಿ ಮತ್ತು ಗಡಿ ಪಾಸುಗಳೊಂದಿಗೆ ಒಂದು ನಡುದಾರಿ ಹೊರಬಂತು.

ಬೇಲಿ ಬೇಕೇ ಬೇಡವೇ ಎಂದು ಈ ವೇದಿಕೆಯಿಂದ ಅಪ್ಪಣೆ ಕೊಡಿಸುವುದು ನನ್ನ ಉದ್ದೇಶವಲ್ಲ. ಬಂದೂಕು ಮತ್ತು ಮಾದಕವಸ್ತುಗಳನ್ನು ತಡೆಯುವುದು ಯಾವ ಸರ್ಕಾರಕ್ಕೂ ಕರ್ತವ್ಯವೇ. ಆದರೆ ಗಡಿಯಲ್ಲಿರುವ ಮೊರೆ ಪಟ್ಟಣವನ್ನು ನೋಡಿ. 1995ರ ಏಪ್ರಿಲಿನಲ್ಲಿ ಅಲ್ಲಿ ಗಡಿ ವ್ಯಾಪಾರಕ್ಕೆ ಬಾಗಿಲು ತೆರೆಯಿತು. 2019ರ ಜನವರಿಯಲ್ಲಿ ಸಂಯೋಜಿತ ಚೆಕ್‌ಪೋಸ್ಟ್ ಉದ್ಘಾಟನೆಯಾಯಿತು. ಬರ್ಮಾದಿಂದ 1960ರ ದಶಕದಲ್ಲಿ ಹೊರಬಿದ್ದ ತಮಿಳರು ಅಲ್ಲಿ ಗುಡಿ ಕಟ್ಟಿಕೊಂಡು ನೆಲೆಸಿದ್ದಾರೆ. ಕುಕಿ, ಮೈತೇಯಿ, ನಾಗಾ, ನೇಪಾಳಿ, ಪಂಗಲ್ ಮುಸ್ಲಿಮರು ಒಂದೇ ಪೇಟೆಯಲ್ಲಿ ಅಂಗಡಿ ಇಟ್ಟಿದ್ದರು. ಥಾಯ್ಲೆಂಡಿನವರೆಗೆ ಹೆದ್ದಾರಿ, ಆಗ್ನೇಯ ಏಷ್ಯಾಕ್ಕೆ ಹೆಬ್ಬಾಗಿಲು ಎಂದೆಲ್ಲ ನಾವು ಹೇಳಿದ್ದು ಇದೇ ಮೊರೆಯ ಬಗ್ಗೆ. 2023ರಲ್ಲಿ ಆ ಪೇಟೆಯ ಮನೆಗಳು ಉರಿದವು, ಅಲ್ಲಿದ್ದ ಮೈತೇಯಿಗಳು ಊರು ಬಿಟ್ಟರು. ಒಂದು ಸಚಿವಾಲಯ ಹೆಬ್ಬಾಗಿಲು ಎನ್ನುತ್ತದೆ, ಇನ್ನೊಂದು ಅದೇ ಜಾಗದಲ್ಲಿ ಬೇಲಿ ಹಾಕುತ್ತದೆ. ಎರಡನ್ನೂ ಕೂಡಿಸಿ ಆ ಊರಿನವರ ಮುಂದೆ ಇಟ್ಟು, ನಿಮಗೇನನ್ನಿಸುತ್ತದೆ ಎಂದು ಕೇಳುವ ಸ್ಥಾನವೇ ಆಡಳಿತದಲ್ಲಿ ಇಲ್ಲವಾಗಿದೆ.

ನನ್ನ ಮುಖ್ಯ ಮಾತು ಇದೇ. ಗುಡ್ಡ ಜಿಲ್ಲೆಗಳಿಗೆ 1971ರ ಕಾಯ್ದೆಯಡಿ ಆರು ಸ್ವಾಯತ್ತ ಜಿಲ್ಲಾ ಮಂಡಳಿಗಳಿವೆ. ಸಂವಿಧಾನದ 371-ಸಿ ವಿಧಿ ಗುಡ್ಡ ಪ್ರದೇಶದ ಶಾಸಕರ ಸಮಿತಿಯೊಂದಕ್ಕೆ ಅವಕಾಶ ಕೊಟ್ಟಿದೆ. ಆರನೇ ಅನುಸೂಚಿಯ ಅಧಿಕಾರ ಮಾತ್ರ ಈ ಮಂಡಳಿಗಳಿಗೆ ಸಿಗಲಿಲ್ಲ. ಅಧಿಕಾರವಿಲ್ಲದ ಮಂಡಳಿ ಬೇಡವೆಂದು ಜನ ಬಹಿಷ್ಕರಿಸಿದ್ದರಿಂದ ಸುಮಾರು ಎರಡು ದಶಕ ಚುನಾವಣೆಯೇ ಇರಲಿಲ್ಲ. 2010ರಲ್ಲಿ ನಡೆಯಿತು, 2015ರಲ್ಲಿ ನಡೆಯಿತು. 2020ರಲ್ಲಿ ಅವಧಿ ಮುಗಿದ ಮೇಲೆ ಮತ್ತೆ ಖಾಲಿ. ಎಂದರೆ 2023ರ ಮೇ ತಿಂಗಳಲ್ಲಿ ಗುಡ್ಡ ಜಿಲ್ಲೆಗಳಲ್ಲಿ ಚುನಾಯಿತ ಜಿಲ್ಲಾ ಮಂಡಳಿಯೇ ಇರಲಿಲ್ಲ. ಜನರ ಪರವಾಗಿ ಮಾತನಾಡಲು ಉಳಿದವರು ಬುಡಕಟ್ಟು ಸಂಘಟನೆಗಳು ಮತ್ತು ಬಂದೂಕು ಹಿಡಿದವರು. ಚುನಾಯಿತನಾದವನು ಎಲ್ಲರ ಓಟಿಗೂ ಬಾಗಬೇಕು, ತನ್ನ ಜನಾಂಗದ ಸಂಘಟನೆಯ ನಾಯಕನಿಗೆ ಆ ಹಂಗಿಲ್ಲ.

ಕರ್ನಾಟಕದಲ್ಲಿ ಕುಳಿತು ಇದನ್ನು ಹೇಳಲು ನಮಗೊಂದು ಹಕ್ಕಿದೆ, ಒಂದು ಮುಜುಗರವೂ ಇದೆ. ಅಬ್ದುಲ್ ನಜೀರ್ ಸಾಬ್ ಅವರು ಪಟ್ಟು ಹಿಡಿದು ತಂದ ಕಾನೂನಿನಿಂದ 1987ರಲ್ಲಿ ಇಲ್ಲಿ ಜಿಲ್ಲಾ ಪರಿಷತ್ತುಗಳಿಗೆ, ಮಂಡಲ ಪಂಚಾಯತಿಗಳಿಗೆ ಚುನಾವಣೆ ನಡೆಯಿತು. ಬೋರ್‌ವೆಲ್ ಕೆಟ್ಟರೆ ಯಾರನ್ನು ಹಿಡಿದು ಕೇಳಬೇಕು ಎಂಬುದು ಹಳ್ಳಿಯವನಿಗೆ ಆಗ ಗೊತ್ತಾಯಿತು. ಅದೇ ಕರ್ನಾಟಕದಲ್ಲಿ 2021ರಲ್ಲಿ ಅವಧಿ ಮುಗಿದ ಜಿಲ್ಲಾ, ತಾಲ್ಲೂಕು ಪಂಚಾಯತಿಗಳಿಗೆ ವರ್ಷಗಟ್ಟಲೆ ಚುನಾವಣೆ ನಡೆಸದೆ ಎಳೆದೆವು. ಶಾಂತವಾಗಿರುವ ನಾಡು ಇದನ್ನು ಹೇಗೋ ತಾಳಿಕೊಳ್ಳುತ್ತದೆ. ಮಣಿಪುರ ತಾಳಿಕೊಳ್ಳಲಿಲ್ಲ.

ಭದ್ರತೆಗೆ ಇನ್ನೊಂದು ಅಂಗವಿದೆ, ನ್ಯಾಯ. 1980ರಲ್ಲಿ ಇಡೀ ಮಣಿಪುರ ವಿಶೇಷಾಧಿಕಾರ ಕಾಯ್ದೆಯಡಿ ಬಂತು. 2000ದ ನವೆಂಬರಿನಲ್ಲಿ ಮಾಲೊಮ್‌ನಲ್ಲಿ ಹತ್ತು ಜನರ ಹತ್ಯೆಯಾದಾಗ ಉಪವಾಸ ಕುಳಿತ ಇರೋಮ್ ಶರ್ಮಿಳಾ ಅದನ್ನು ನಿಲ್ಲಿಸಿದ್ದು 2016ರಲ್ಲಿ. ಕಾನೂನುಬಾಹಿರ ಹತ್ಯೆಗಳ ಆರೋಪ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, 2013ರಲ್ಲಿ ನೇಮಕವಾದ ಆಯೋಗದ ಅಧ್ಯಕ್ಷರು ನಮ್ಮವರೇ ಆದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ. ಕರ್ನಾಟಕದ ಪೊಲೀಸ್ ಮಹಾನಿರ್ದೇಶಕರಾಗಿದ್ದ ಅಜಯ್ ಕುಮಾರ್ ಸಿಂಗ್ ಅದರ ಸದಸ್ಯರು. ಪರಿಶೀಲಿಸಿದ ಆರು ಪ್ರಕರಣಗಳಲ್ಲಿ ಒಂದೂ ನಿಜವಾದ ಎನ್‌ಕೌಂಟರ್ ಅಲ್ಲ ಎಂದು ಅವರು ವರದಿ ಕೊಟ್ಟರು. ಒಬ್ಬ ನ್ಯಾಯಾಧೀಶರು, ಒಬ್ಬ ಪೊಲೀಸ್ ಅಧಿಕಾರಿ ಇದ್ದ ಆಯೋಗ ಬರೆದ ಮಾತು ಅದು. ಭದ್ರತಾ ಆಡಳಿತ ಓದುವ ಪ್ರತಿ ವಿದ್ಯಾರ್ಥಿಯೂ ಆ ವರದಿಯನ್ನು ಓದಬೇಕು. ಸರ್ಕಾರ ಸರಿಯಾದ ಹೆಜ್ಜೆ ಇಟ್ಟದ್ದೂ ಉಂಟು. 2004ರಲ್ಲಿ ಅಸ್ಸಾಂ ರೈಫಲ್ಸ್ ವಿರುದ್ಧ ಮಣಿಪುರದ ತಾಯಂದಿರು ನಡೆಸಿದ ಪ್ರತಿಭಟನೆಯ ನಂತರ ಆ ಪಡೆ ಇಂಫಾಲದ ಕಾಂಗ್ಲಾ ಕೋಟೆಯನ್ನು ರಾಜ್ಯಕ್ಕೆ ಬಿಟ್ಟುಕೊಟ್ಟಿತು, ಇಂಫಾಲ ನಗರ ಪ್ರದೇಶದಿಂದ ಆ ಕಾಯ್ದೆ ತೆರವಾಯಿತು. ಹಿಂದೆ ಸರಿಯುವುದೂ ಭದ್ರತೆಯ ಕ್ರಮವೇ ಆಗಬಲ್ಲದು.

ನಮಗೂ ಮಣಿಪುರಕ್ಕೂ ಇರುವ ಸಂಬಂಧ ವರದಿಗಳದ್ದಷ್ಟೇ ಅಲ್ಲ. ಬೆಂಗಳೂರಿನ ಆಸ್ಪತ್ರೆಗಳಲ್ಲಿ, ಹೋಟೆಲುಗಳಲ್ಲಿ, ಕಾಲೇಜುಗಳಲ್ಲಿ ಅಲ್ಲಿಯ ಮಕ್ಕಳಿದ್ದಾರೆ. 2012ರ ಆಗಸ್ಟಿನಲ್ಲಿ ಬರೀ ವದಂತಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಗುವಾಹಟಿಯ ರೈಲು ಹತ್ತಿದರು. ಆಗ ಅವರಿಗೆ ಹೋಗಲು ಊರಿತ್ತು. 2023ರ ನಂತರ ಮಣಿಪುರದವರಲ್ಲಿ ಎಷ್ಟೋ ಜನರಿಗೆ ಊರಲ್ಲಿ ಮನೆಯಿಲ್ಲ.

ಹಾಗಾಗಿ ಈ ಸಮ್ಮೇಳನ ಮುಗಿಯುವ ಮುನ್ನ ಒಂದು ನಿರ್ಣಯ ಅಂಗೀಕರಿಸಿ ಕೇಂದ್ರ ಸರ್ಕಾರಕ್ಕೆ ಕಳುಹಿಸಬೇಕೆಂದು ಕೋರುತ್ತೇನೆ. ನಿರಾಶ್ರಿತ ಶಿಬಿರಗಳಲ್ಲಿರುವವರು, ಮೈತೇಯಿಯಾಗಲಿ ಕುಕಿಯಾಗಲಿ, ತಮ್ಮ ಊರಿಗೆ ಮರಳುವುದು ಮಣಿಪುರದ ಅಭಿವೃದ್ಧಿ ಯೋಜನೆಯ ಮೊದಲ ಬಾಬ್ತು ಆಗಲಿ. ಗುಡ್ಡ ಜಿಲ್ಲಾ ಮಂಡಳಿಗಳಿಗೆ ಚುನಾವಣೆ ನಡೆಯಲಿ, ಹಣ ಮತ್ತು ಅಧಿಕಾರ ಅವುಗಳ ಕೈ ಸೇರಲಿ. ಬೇಲಿ, ರಸ್ತೆ, ಚೆಕ್‌ಪೋಸ್ಟ್ ಯಾವುದೇ ಇರಲಿ, ಅದು ಹಾಯುವ ಹಳ್ಳಿಯ ಸಭೆಯ ಮುಂದೆ ಮೊದಲು ಬರಲಿ. ಲೂಟಿಯಾದ ಬಂದೂಕುಗಳು ಎರಡೂ ಕಡೆಯಿಂದ ವಾಪಸಾಗಲಿ, ಕೊಂದವರ ಮೇಲಿನ ಮೊಕದ್ದಮೆಗಳು ತೀರ್ಪಿನವರೆಗೆ ಹೋಗಲಿ. ಯುವ ಅಧ್ಯಾಪಕರಲ್ಲಿ ಇನ್ನೊಂದು ವಿನಂತಿ: ನಿಮ್ಮ ತರಗತಿಯಲ್ಲಿ ಮಣಿಪುರದ ವಿದ್ಯಾರ್ಥಿ ಇದ್ದರೆ ಮೊದಲು ಅವರ ಊರಿನ ಹೆಸರು ಕೇಳಿ, ಅವರು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ. ನಿಮ್ಮ ಪಾಠ ಆಮೇಲೆ ಶುರುವಾಗಲಿ.